ಸುಣ್ಣದ ಒಳಮೈ

ಕಾಶಪ್ಪನ ಮಗಳು ಬನಶಂಕರಿ ಬಾಗಲಕೋಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಮರೋಳಕ್ಕೆ ಮರೋಳವೇ ಹಿಗ್ಗಿತ್ತು. ಅದೇ ಹುಡುಗಿ ಮರುವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗಿ ಇತಿಹಾಸದ ಎಂ.ಎ.ಗೆ ಹೆಸರು ಹಚ್ಚಿದಳೆಂದು ತಿಳಿದಾಗ ಊರಿನ ಬಾಯಿ ಒಂದು ದಿನ ಮುಚ್ಚಿತು. ಒಂದೇ ದಿನ. ಮರುದಿನದಿಂದ ಕಟ್ಟೆಯ ಮೇಲೆ ಬೇರೆ ಸುದ್ದಿಯೇ ಇಲ್ಲ.

“ಸತ್ತ ರಾಜರ ಹೆಸರ ಬಾಯಿಪಾಠ ಮಾಡಿ ಏನ್ ಮಾಡ್ತಾಳಪಾ ಈಕಿ? ಇದ್ದವರ ಹೆಸರ ನಮಗ ನೆನಪಿರೂದಿಲ್ಲ” ಎಂದು ಪಾಂಡಪ್ಪ ಕಾಕಾ ಎಲೆ ಅಡಿಕೆ ಉಗುಳಿ ಕೇಳುತ್ತಿದ್ದ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರ ನೌಕರಿಗೆ ಕಾಶಪ್ಪ ಮಗಳ ಸಲುವಾಗಿ ಮಾತಾಡಿಟ್ಟಿದ್ದ ಮನುಷ್ಯ. ಕೈಗೆ ಬಂದ ತುತ್ತನ್ನು ಈಕೆ ಬಾಯಿಗೆ ಇಟ್ಟುಕೊಳ್ಳಲಿಲ್ಲ ಎಂಬ ಸಂಕಟ ಆತನದು. ಕೊನೆಗೆ ಒಂದು ಮಾತಿಗೆ ಒಪ್ಪಿದ: “ಒಂದು ವರ್ಷ ನೋಡು. ಅಲ್ಲಿ ನಿನ್ನ ಕಾಲು ಊರಲಿಲ್ಲಂದ್ರ ಸುಮ್ನ ಹುನಗುಂದಕ್ಕ ಬಾ. ಆ ನೌಕರಿ ಅಲ್ಲೀತನಕ ಹಿಡದಿಡ್ತೇನಿ.”

ತಪ್ಪೆಲ್ಲ ಬಾದಾಮಿಯದು ಬಿಡಿ. ಕಾಲೇಜಿನಲ್ಲಿದ್ದಾಗ ಒಂದು ಶ್ರಾವಣ ಸೋಮವಾರ ಹಾಸ್ಟೆಲಿನ ಹುಡುಗಿಯರು ಮಹಾಕೂಟದ ಹೊಂಡದಲ್ಲಿ ಮಿಂದು, ಬಾದಾಮಿಯ ಗವಿಗಳನ್ನು ನೋಡಲು ಹೋಗಿದ್ದರು. ಉಳಿದವರು ನೆರಳಿಗೆ ಕೂತು ಬುತ್ತಿ ಬಿಚ್ಚಿದಾಗ ಬನಶಂಕರಿ ಕೆಂಪು ಬಂಡೆಯ ಮೇಲೆ ಕೊರೆದ ಅಕ್ಷರಗಳ ಮುಂದೆ ನಿಂತುಬಿಟ್ಟಳು. “ಸಾವಿರದ ನಾನೂರು ವರ್ಷದ್ದು, ತಂಗಿ” ಎಂದ ಕಾವಲುಗಾರ ಮಹಮ್ಮದ. ಆಕೆ ಹೆದರುತ್ತ ಹೆದರುತ್ತ ಒಂದು ಅಕ್ಷರದ ತಗ್ಗಿನಲ್ಲಿ ಬೆರಳಿಟ್ಟಳು. ಬೆರಳು ಅಲ್ಲಿ ಸರಿಯಾಗಿ ಕೂತಿತು. ಇದನ್ನು ಕೊರೆದವನೂ ಉಳಿಯಿಟ್ಟು ಎದ್ದು, ಧೂಳು ಊದಿ, ಹೀಗೆಯೇ ಒಮ್ಮೆ ಬೆರಳಾಡಿಸಿ ನೋಡಿರಬೇಕಲ್ಲ ಎಂದು ಅನಿಸಿದ್ದೇ ತಡ, ಮೈಯೆಲ್ಲ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಪ್ರಯೋಗಶಾಲೆಯಲ್ಲಿ ಆಕೆ ಎಷ್ಟೋ ನಳಿಕೆಗಳಲ್ಲಿ ಬಣ್ಣ ಬದಲಾಗುವುದನ್ನು ಕಂಡಿದ್ದಳು. ಒಮ್ಮೆಯೂ ಹೀಗಾಗಿರಲಿಲ್ಲ.

ಧಾರವಾಡದಲ್ಲಿ ಆಕೆಯ ಪಾಡು ನಾಯಿಪಾಡಾಯಿತು. ಜೊತೆಗಿದ್ದವರೆಲ್ಲ ಬಿ.ಎ.ಯಲ್ಲಿ ಇತಿಹಾಸವನ್ನೇ ಅರೆದು ಕುಡಿದು ಬಂದವರು. ಈಕೆಗೆ ಯಾವ ರಾಜ ಯಾರ ಮೊಮ್ಮಗ ಎಂಬುದೇ ಗೊತ್ತಾಗುತ್ತಿರಲಿಲ್ಲ. ಆದರೂ ಹಟ ಬಿಡಲಿಲ್ಲ. ಶಾಸನ ಓದುವುದನ್ನು ಕಲಿಸುವ ಕೊಣ್ಣೂರ ಸರ್ ಎಂದರೆ ಎಲ್ಲರಿಗೂ ನಡುಕ, ಆಕೆಗೆ ದೇವರು. ಎರಡನೆಯ ವರ್ಷ ಅವರ ಶಾಸನದ ವಿಷಯಕ್ಕೆ ನಾಲ್ಕೈದು ಮಂದಿಗಷ್ಟೇ ಜಾಗ. ಮೇ ತಿಂಗಳ ರಜೆಗೆ ಮುಂಚೆ ಅವರು ಹೇಳಿದರು: “ಯಾರೂ ಓದದ ಒಂದು ಶಾಸನದ ಪಡಿಯಚ್ಚು ತಗೊಂಡು ಬರ್ರಿ. ಒದ್ದಿ ಕಾಗದ ಕಲ್ಲಿಗೆ ಬಡದು, ಮಸಿ ಒತ್ತಿ, ಅಕ್ಷರ ಕಾಗದಕ್ಕ ಇಳಸೂದು ಕಲಿಸೇನಲ್ಲ, ಹಂಗ. ತಂದವರು ನನ್ನ ಕ್ಲಾಸಿಗೆ. ಆದ್ರ ಒಂದು ಮಾತು. ಕಲ್ಲಿಗೆ ಗಾಯ ಮಾಡಿದವರು ನನಗ ಮಾರಿ ತೋರಸಬ್ಯಾಡ್ರಿ.” ಬನಶಂಕರಿಗೆ ತಿಳಿಯಿತು. ಆ ಕ್ಲಾಸು ಸಿಗದಿದ್ದರೆ ತನ್ನ ಕಾಲು ಅಲ್ಲಿ ಊರಿದಂತಲ್ಲ. ಹುನಗುಂದದ ಬಸ್ಸೇ ಗತಿ.

ಆಗ ನೆನಪಾದದ್ದು ಬಿಳಿ ಬಸವಣ್ಣ. ಮರೋಳದ ಅವರ ಹಿತ್ತಲಲ್ಲಿ, ಹಳೆಯ ಬಾವಿಯ ಪಕ್ಕ, ಎದೆಯುದ್ದದ ಒಂದು ಕಲ್ಲು. ಮೇಲ್ತುದಿಯಲ್ಲಿ ಎತ್ತಿನಂಥದ್ದೇನೋ ಉಬ್ಬು. ಉಳಿದದ್ದೆಲ್ಲ ಬರೀ ಸುಣ್ಣ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆಯ ಹೆಂಗಸರು ಅದಕ್ಕೆ ಸುಣ್ಣ ಹಚ್ಚುತ್ತ ಬಂದು, ಈಗ ಆ ಕಲ್ಲು ಕೌದಿ ಹೊದ್ದು ಕೂತ ಮುದುಕನಂತೆ ದುಂಡಗಾಗಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಸುಣ್ಣದ ಪದರು ಎದ್ದು ಒಂದು ಹೆಕ್ಕಳೆ ಉದುರಿದಾಗ ಅದರಡಿ ಬಳ್ಳಿಯಂಥ ಗೆರೆ ಕಂಡಿದ್ದಳು. “ದೇವರ ಒಡವಿ ಅವು” ಎಂದಿದ್ದಳು ಆಯಿ, ಕಾಶಪ್ಪನ ತಾಯಿ ಸಿದ್ದಲಿಂಗವ್ವ. ಒಡವೆಯಲ್ಲ, ಅದು ಅಕ್ಷರ ಎಂದು ಈಗ ಹೊಳೆಯಿತು.

ರಜೆಗೆ ಬಂದವಳೇ ಆಯಿಯ ಅಪ್ಪಣೆ ಕೇಳಿದಳು. ಮುದುಕಿ ಸೆರಗು ಕಚ್ಚಿ ಯೋಚಿಸಿ, “ದೇವರ ಮೈ ತೊಳ್ಯಾಕ ಯಾಕ ಬ್ಯಾಡ ಅನ್ಲಿ? ಆದ್ರ ಮೈಮ್ಯಾಲಿಂದ ಬಿದ್ದದ್ದು ಒಂದೂ ತುಳಿಬಾರದು ನೋಡು. ಬುಟ್ಟ್ಯಾಗ ಹಾಕಬೇಕು, ಹೊಳಿಗೆ ಬಿಡಬೇಕು. ನಮ್ಮತ್ತಿ ಹಂಗ ಹೇಳ್ಯಾಳ” ಎಂದಳು.

ಮೊದಲ ದಿನ ಬನಶಂಕರಿ ಬಿದಿರಿನ ಚಕ್ಕೆಯಿಂದ ಕಲ್ಲಿನ ಕೆಳತುದಿಯಲ್ಲಿ ಮೆಲ್ಲಗೆ ಮೀಟಿದಳು. ಅಂಗೈಯಗಲದ ಹೆಕ್ಕಳೆಗಳು ಸಲೀಸಾಗಿ ಎದ್ದುಬಂದವು. ಎಂದೋ ಯಾರೋ ಕಲ್ಲಿಗೆ ಎಣ್ಣೆ ಸವರಿದ್ದರಿಂದ ಅಲ್ಲಿ ಸುಣ್ಣ ಕಲ್ಲನ್ನು ಕಚ್ಚಿರಲಿಲ್ಲ. ಆಯಿ ಒಂದೊಂದನ್ನೂ ಎತ್ತಿ ಹಣೆಗೊತ್ತಿಕೊಂಡು ಬುಟ್ಟಿಗೆ ಹಾಕಿದಳು. ಕೆಳಗೆ ಎಣ್ಣೆ ಕುಡಿದು ಕಪ್ಪಾದ ಕಲ್ಲು, ಅದರ ಮೇಲೆ ಒಂದು ಸಾಲು ಅಕ್ಷರ! ಸಾಲಿನ ಕೆಳಗೆ ಬರೀ ಕಲ್ಲು. ಅಂದರೆ ಅದೇ ಕಡೆಯ ಸಾಲು. ಬನಶಂಕರಿ ಅದರ ಮೇಲಿನ ಧೂಳು ಊದಿದಳು. ಓದಲು ಅವಸರಪಡಲಿಲ್ಲ. ಹಳೆಯ ಅಕ್ಷರ ಆಕೆಗಿನ್ನೂ ತಡವರಿಸಿ ಬರುತ್ತಿದ್ದವು. ಇಡೀ ಕಲ್ಲು ತೆರೆದ ಮೇಲೆ ಮೊದಲಿನಿಂದ ಓದೋಣ ಎಂದುಕೊಂಡಳು.

ಆ ಸಾಲಿನಿಂದ ಮೇಲ್ಗಡೆ ಸುಣ್ಣ ಜಗ್ಗಲಿಲ್ಲ. ಎರಡು ದಿನ ಮೀಟಿದರೂ ಹೆಬ್ಬೆರಳಿನಷ್ಟೂ ಬಿಡಲಿಲ್ಲ. ಆಗ ಬಿ.ಎಸ್ಸಿ. ಫಸ್ಟ್ ಕ್ಲಾಸು ತಲೆಯೆತ್ತಿತು. ಸುಣ್ಣಕ್ಕೆ ಮದ್ದು ಆ್ಯಸಿಡ್ಡು. ಮರಳುಗಲ್ಲಿಗೆ ಅದು ಏನೂ ಮಾಡದು. ಬಾದಾಮಿಯದು ಮರಳುಗಲ್ಲು, ಇದೂ ಅದೇ ಸೀಮೆಯದು. ಇಷ್ಟೇ ಲೆಕ್ಕ ಹಾಕಿ ಇಳಕಲ್ಲಿನ ಬಸ್ಸು ಹತ್ತಿ, ಸೀರೆಯ ನೂಲಿಗೆ ಬಣ್ಣ ಹಾಕುವ ಅಬ್ದುಲಸಾಬನ ಮನೆಗೆ ಆ್ಯಸಿಡ್ಡು ತರಲು ಹೋದಳು.

“ಯಾವ ಬಣ್ಣಕ್ಕರೀ, ಅಕ್ಕೋರ?” ಎಂದು ಕೇಳಿದ ಆತ, ಬಾಟಲಿಗೆ ಬಿರಡೆ ಹಾಕುತ್ತ.

“ಬಿಳಿ ಬಣ್ಣ ತಗಿಲಿಕ್ಕೆರಿ” ಎಂದು ನಕ್ಕಳು ಜಾಣೆ.

ಮನೆಗೆ ಬಂದು ನೀರು ಬೆರೆಸಿ ತೆಳುಮಾಡಿ ಸುಣ್ಣದ ಮೇಲೆ ಸುರುವಿದಳು. ಬುಸುಬುಸು ನೊರೆ ಎದ್ದಿತು. ಸುಣ್ಣ ಕರಗಿ ಇಳಿಯುವುದನ್ನು ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನೋಡಿದಳು. ನೊರೆ ಕೆಳಗಿಳಿಯಿತು, ತೆರೆದಿದ್ದ ಸಾಲಿನ ಮೇಲೆ ಹರಿಯಿತು, ಎಣ್ಣೆಯ ಕಪ್ಪನ್ನು ತೊಳೆಯಿತು. ಅಲ್ಲಿ ಸುಣ್ಣವೇ ಇರಲಿಲ್ಲ, ಆದರೂ ನೊರೆ ನಿಲ್ಲಲಿಲ್ಲ. ಬೂದು ಕಲ್ಲಿನ ಒಡಲಿನಿಂದಲೇ ಗುಳ್ಳೆಗಳು ಏಳುತ್ತಿದ್ದವು.

ಅಯ್ಯೋ ಶಿವನೇ. ಇದು ಮರಳುಗಲ್ಲಲ್ಲ, ಸುಣ್ಣದ ಕಲ್ಲು. ಬಾಗಲಕೋಟೆಯ ಸುತ್ತ ಭಟ್ಟಿಯಲ್ಲಿ ಸುಡುವುದು ಇಂಥದ್ದನ್ನೇ. ಕಲ್ಲೂ ಸುಣ್ಣವೂ ಒಂದೇ ತಾಯಿಯ ಮಕ್ಕಳು, ಆ್ಯಸಿಡ್ಡು ಎರಡನ್ನೂ ತಿನ್ನುತ್ತದೆ. ಊರಿನಲ್ಲಿ ಮತ್ತಾರಿಗೆ ಗೊತ್ತಿರದಿದ್ದರೂ ಆಕೆಗೆ ಗೊತ್ತಿರಬೇಕಿತ್ತು. ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಸುರಿದಳು. ನೊರೆ ನಿಂತಾಗ ಕಡೆಯ ಸಾಲು ನೆಕ್ಕಿದ ಬೆಲ್ಲದ ಹೆಂಟೆಯಂತೆ ನುಣ್ಣಗಾಗಿತ್ತು. ಒಂದು ಅಕ್ಷರವೂ ಇರಲಿಲ್ಲ.

ಕಲ್ಲಿನ ಮುಂದೆ ಕುಸಿದು ಅತ್ತಳು. ಆಯಿ ಓಡಿ ಬಂದಳು.

“ಎಷ್ಟ ಹೋತು?”

“ಒಂದು ಸಾಲು, ಆಯಿ.”

“ಏನ ಬರದಿದ್ರು ಅದರಾಗ?”

“ನಾ ಇನ್ನೂ ಓದಿದ್ದಿಲ್ಲ. ಇನ್ನ ಯಾರಿಗೂ ಗೊತ್ತಾಗೂದಿಲ್ಲ.”

ಸಿದ್ದಲಿಂಗವ್ವ ಬೈಯಲಿಲ್ಲ. ಬುಟ್ಟಿಯನ್ನು ಸೊಂಟಕ್ಕಿಟ್ಟು, “ಏಳು. ಇವನ್ನ ಹೊಳಿಗೆ ಬಿಟ್ಟು, ತಪ್ಪಾತು ಅಂತ ಕೈಮುಗದು ಬರೂಣು” ಎಂದಳು. ಮೊಮ್ಮಗಳು ಮೂಗು ಒರೆಸಿಕೊಂಡು ಹಿಂದೆ ನಡೆದಳು. ದಾರಿಯುದ್ದಕ್ಕೂ ಆಕೆಯ ತಲೆಯಲ್ಲಿ ಒಂದೇ ಯೋಚನೆ. ಕಡೆಯ ಸಾಲು ಮಳೆಗಾಳಿಗೆ ಸವೆದಿದೆ ಎಂದು ಸರ್‌ಗೆ ಹೇಳಿದರಾಯಿತು, ಎಷ್ಟೋ ಕಲ್ಲು ಹಾಗೆ ಸವೆದಿರುತ್ತವೆ, ಯಾರು ಕೇಳಬೇಕು? ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬೇಸಿಗೆಯ ಹೊಳೆ ಮಡುಗಟ್ಟಿ ಅಲುಗದೆ ನಿಂತಿತ್ತು. ಆಯಿ ಕೈಮುಗಿದು ಮೊದಲ ಹೆಕ್ಕಳೆಯನ್ನು ಕೊಟ್ಟಳು. ಬನಶಂಕರಿ ಮಂಡಿಯೂರಿ ಅದನ್ನು ನೀರಿನ ಮೇಲೆ ಹಿಡಿದಳು, ಬಿಡಬೇಕು ಎನ್ನುವಾಗ ನೀರೊಳಗಿಂದ ಏನೋ ಆಕೆಯನ್ನು ನೋಡಿದಂತಾಯಿತು. ಬಗ್ಗಿದಳು. ಹೆಕ್ಕಳೆಯ ಅಡಿಮೈ ನೀರಿನಲ್ಲಿ ಮೂಡಿತ್ತು, ಅದರಲ್ಲಿ ಅಕ್ಷರವಿತ್ತು.

ಗಕ್ಕನೆ ಹೆಕ್ಕಳೆಯನ್ನು ಎದೆಗೆ ಅವುಚಿಕೊಂಡಳು. ತಿರುವಿ ನೋಡಿದರೆ ಸುಣ್ಣದ ಒಳಮೈ ಹಾಲಿನ ಕೆನೆಯಂತೆ ನುಣುಪು, ಅದರ ಮೇಲೆ ಉಬ್ಬಿದ ಅಕ್ಷರಗಳು, ಎಲ್ಲ ಉಲ್ಟಾ. ಕಲ್ಲಿನ ತಗ್ಗುಗಳಲ್ಲಿ ಮೊದಲ ಸುಣ್ಣ ಹಚ್ಚಿದ ಯಾವಳೋ ಒಬ್ಬಳು ಅಕ್ಷರಗಳ ಅಚ್ಚನ್ನು ತೆಗೆದಿಟ್ಟಿದ್ದಳು, ತನಗೇ ತಿಳಿಯದೆ. ಅದರ ಮೇಲೆ ಅವಳ ಸೊಸೆ, ಆ ಸೊಸೆಯ ಸೊಸೆ ಹಚ್ಚುತ್ತ ಹಚ್ಚುತ್ತ ಗಟ್ಟಿ ಮಾಡಿದ್ದರು.

“ಆಯಿ, ಒಂದೂ ನೀರಿಗೆ ಬಿಡಬ್ಯಾಡ” ಎಂದಳು.

ಇಬ್ಬರೂ ಆಯಿಯ ಸೆರಗನ್ನು ಉಸುಕಿನ ಮೇಲೆ ಹಾಸಿ ಹೆಕ್ಕಳೆಗಳ ಅಂಚಿಗೆ ಅಂಚು ಕೂಡಿಸಿದರು. ಆಮೇಲೆ ಒಂದೊಂದನ್ನೇ ನೀರಿನ ಮೇಲೆ ಬೋರಲಾಗಿ ಹಿಡಿದು, ನೀರಲ್ಲಿ ನೆಟ್ಟಗಾದ ಅಕ್ಷರವನ್ನು ಬನಶಂಕರಿ ಓದತೊಡಗಿದಳು. ಕೂಸು ಓದಿದ ಹಾಗೆ, ಒಂದು ಅಕ್ಷರಕ್ಕೆ ಒಂದು ಉಸಿರು. ಅರವಂಟಿಗೆಯ. ನೀರೆರೆವ. ಚಂದವ್ವೆಗೆ. ಮತ್ತರೊಂದು.

“ಅಂದ್ರ ಏನವ್ವಾ?”

“ಹಾದಿಗೆ ಹೋಗವ್ರಿಗೆ ನೀರ ಕೊಡೂ ಅರವಟ್ಟಿಗಿ ಇತ್ತು ಆಯಿ, ಇಲ್ಲೆ, ನಮ್ಮ ಬಾವಿ ಹತ್ರ. ಅಲ್ಲಿ ನೀರ ಹಾಕೂ ಚಂದವ್ವಗ ಒಂದು ಮತ್ತರ ಹೊಲಾ ಕೊಟ್ಟಾರ. ಅಕ್ಷರ ನೋಡಿದ್ರ ಎಂಟನೂರು ವರ್ಷದ ಮಾತು.”

ಸಿದ್ದಲಿಂಗವ್ವ ಆ ಹೆಕ್ಕಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ “ಚಂದವ್ವ” ಎಂದು ಮೆಲ್ಲಗೆ ಅಂದಳು, ಗುರುತಿನವಳನ್ನು ಕರೆಯುವ ಹಾಗೆ. ಅಷ್ಟು ಕಾಲದ ಮೇಲೆ ಈ ಭೂಮಿಯ ಮೇಲೆ ಯಾರೋ ಆ ಹೆಸರು ಹಿಡಿದು ಕರೆದಿದ್ದರು. ಹೊಳೆ, ದಂಡೆ, ಆಚೆಯ ಜಾಲಿಯ ಮರ ಎಲ್ಲವೂ ಇದ್ದಲ್ಲೇ ಇದ್ದವು, ಆದರೆ ಬನಶಂಕರಿಗೆ ಎಲ್ಲದರ ಅಡಿಯಲ್ಲೂ ಇನ್ನೊಂದು ಮೈ ಇದೆಯೆಂಬಂತೆ ಕಂಡಿತು.

ಉಳಿದ ರಜೆಯೆಲ್ಲ ಬಿದಿರಿನ ಚಕ್ಕೆ, ನೀರು, ತಾಳ್ಮೆ. ಕಲ್ಲು ಪೂರ್ತಿ ತೆರೆದಾಗ ಮೇಲಿನ ಸಾಲುಗಳಲ್ಲಿ ಇದ್ದದ್ದು ರಾಜನ ಬಿರುದುಗಳು. ಆ ರಾಜನ ಹೆಸರು ಎಷ್ಟೋ ಊರಿನ ಕಲ್ಲುಗಳಲ್ಲಿದೆ, ಪುಸ್ತಕಗಳಲ್ಲಿದೆ. ಚಂದವ್ವೆಯ ಹೆಸರು ಇದ್ದದ್ದು ಬನಶಂಕರಿ ಅಳಿಸಿದ ಆ ಒಂದು ಸಾಲಿನಲ್ಲಿ ಮಾತ್ರ.

ಜೂನಿನಲ್ಲಿ ಧಾರವಾಡಕ್ಕೆ ಹೋದಾಗ ಆಕೆಯ ಒಂದು ಕೈಯಲ್ಲಿ ಪಡಿಯಚ್ಚಿನ ಸುರುಳಿ, ಇನ್ನೊಂದರಲ್ಲಿ ಆಯಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಹೆಕ್ಕಳೆಗಳು. ಕೊಣ್ಣೂರ ಸರ್ ಸುರುಳಿ ಬಿಚ್ಚಿ, “ಛಲೋ ಬಂದದ. ಕಡೀ ಸಾಲು ಸವದದ ಅಲ್ಲ?” ಎಂದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

“ಸವದಿಲ್ಲರಿ ಸರ್. ನಾನು ಆ್ಯಸಿಡ್ ಹಾಕಿ ಸುಟ್ಟೇನಿ” ಎಂದಳು. ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವರ ಮುಖ ಕಪ್ಪಿಟ್ಟಿತು. ಬಾಗಿಲು ತೋರಿಸುತ್ತಾರೆ ಎಂದುಕೊಂಡೇ ಸೀರೆಯ ಗಂಟು ಬಿಚ್ಚಿ, ಹೆಕ್ಕಳೆಗಳನ್ನು ಮೇಜಿನ ಮೇಲೆ ಜೋಡಿಸಿ, ಪಕ್ಕಕ್ಕೆ ತನ್ನ ಕೈಗನ್ನಡಿ ಇಟ್ಟಳು.

ಅವರು ಕನ್ನಡಿಯಲ್ಲಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹೆಸರಿಗೆ ಬಂದಾಗ, ಕೂತಿದ್ದವರು ಎದ್ದು ನಿಂತರು. “ಒಂದು ವರ್ಷ ನೀ ಯಾವ ಕಲ್ಲೂ ಮುಟ್ಟಬಾರದು. ಬರೇ ಓದಬೇಕು. ಮುಂದಿನ ಬೆಂಚಿನ್ಯಾಗ, ನನ್ನ ಕಣ್ಣೆದುರಿಗೆ ಕೂಡಬೇಕು” ಎಂದರು. ಆ ಕ್ಲಾಸು ತನಗೆ ಸಿಕ್ಕಿತೆಂದು ಬನಶಂಕರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುನಗುಂದದ ನೌಕರಿ ಬೇರೆಯವರಿಗೆ ಹೋಯಿತು. ಕಾಶಪ್ಪ ನಾಲ್ಕು ದಿನ ಮಾತು ಬಿಟ್ಟು ಐದನೆಯ ದಿನ ತಾನೇ ಹೋಗಿ ಆ ಕಲ್ಲಿನ ಮುಂದೆ ನಿಂತು ಬಂದನಂತೆ.

ಮುಂದಿನ ಯುಗಾದಿಗೆ ಊರಿಗೆ ಬಂದಾಗ ಆಯಿ ಸುಣ್ಣದ ಗಡಿಗೆ ಮುಂದಿಟ್ಟುಕೊಂಡು ಅನುಮಾನಿಸುತ್ತ ಕೂತಿದ್ದಳು. “ಹಚ್ಚಲೋ ಬ್ಯಾಡೋ? ಮತ್ತ ಮುಚ್ಚಿ ಹೋಗ್ತೈತಿ” ಎಂದಳು.

“ಹಚ್ಚೂಣು ಆಯಿ. ನೀವು ಹಚ್ಚಿದ್ದಕ್ಕನ ಉಳದೈತಿ” ಎಂದು ಮೊಮ್ಮಗಳು ಅಕ್ಷರವಿದ್ದ ಕಡೆ ಮೊದಲು ತೆಳುವಾಗಿ ಎಣ್ಣೆ ಸವರಿದಳು, ಆಮೇಲೆ ಕುಂಚ ಹಿಡಿದಳು. ಕೆಳತುದಿಯ ನುಣ್ಣನೆಯ ಜಾಗಕ್ಕೆ ಬಂದಾಗ ಆಯಿ ಆಕೆಯ ಕೈ ತಡೆದಳು. ಬಾವಿಯಿಂದ ಒಂದು ತಂಬಿಗೆ ನೀರು ತಂದು, ಬಗ್ಗಲಾರದೆ ಬಗ್ಗಿ, ಆ ಜಾಗಕ್ಕೆ ಮೆಲ್ಲಗೆ ಎರೆದಳು.

“ಊರಿಗೆಲ್ಲ ನೀರ ಹಾಕಿದಾಕಿ. ಆಕಿಗೆ ಯಾರರೆ ಹಾಕಿದ್ರೋ ಇಲ್ಲೋ” ಎಂದಳು. “ಕುಡಿ, ಚಂದವ್ವ.”

ಕಲ್ಲು ನೀರನ್ನು ಹೀರಿಕೊಂಡಿತು. ಅದು ಆರುವವರೆಗೂ ಇಬ್ಬರೂ ಅಲ್ಲಿಯೇ ಕಾದು ಕೂತರು.