ಬಲ್ಬಿಗಿಟ್ಟ ಬೊಟ್ಟು

ನೆರೂಳಿನ ದಂತವೈದ್ಯೆ ಜ್ಯೋತ್ಸ್ನಾರ ಫೋನು ಬಂದಾಗ ಕುಶಲ ಠಾಣೆ ರೈಲು ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ಸಿಕ್ಕಿಕೊಂಡಿದ್ದ. ಟಿಟ್ವಾಳಾದಿಂದ ನಿಂತುಕೊಂಡೇ ಬಂದಿದ್ದ. ಮೊಣಕಾಲು ಆಗಲೇ ಮಾತು ಕೇಳುವುದನ್ನು ಬಿಟ್ಟಿತ್ತು.

“ಅಂಕಲ್, ಆಪ್ ಕಾ ಲಗಾಯಾ ಹುವಾ ಬಲ್ಬ್ ಫಟ್ ಗಯಾ,” ಎಂದರು ಡಾಕ್ಟರು. ಅವನು ಹಾಕಿದ ಬಲ್ಬು ಸಿಡಿದಿತ್ತು. “ಪೇಶಂಟ್ ಬಾಯಿ ತೆರೆದು ಕೂತಿದ್ದರು. ಅಭೀ ಆಯಿಯೇ, ಈಗಲೇ ಬನ್ನಿ.”

ಉಡುಪಿ ಕಡೆಯವರ ಮಗಳಾದರೂ ಡಾಕ್ಟರು ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮೊದಲು ಬರುವುದು ಮಾತ್ರ ಹಿಂದಿ. ಊರ ಕಡೆಯವರ ಹತ್ತಿರ ಮಾತಾಡುವಾಗ ಎರಡೂ ಕಲಸಿಕೊಂಡು ಬರುತ್ತಿದ್ದವು.

ಕುಶಲ ಫೋನನ್ನು ಜೇಬಿಗೆ ಹಾಕಿ ಪನವೇಲ್ ಕಡೆಯ ಗಾಡಿ ಹಿಡಿದ. ಮೂವತ್ತೊಂದು ವರ್ಷದಿಂದ ಅವನದು ಇದೇ ಕೆಲಸ. ದಂತವೈದ್ಯರ ಕುರ್ಚಿಯ ಮೇಲೆ ತೂಗುವ ದೀಪಗಳನ್ನು ನೋಡಿಕೊಳ್ಳುವುದು. ಅದರೊಳಗಿನ ಹ್ಯಾಲೊಜೆನ್ ಬಲ್ಬು ಹುಣಸೆಬೀಜಕ್ಕಿಂತ ತುಸು ದೊಡ್ಡದಿರಬಹುದು, ಆದರೆ ಅದರ ಬಿಗುಮಾನ ನೋಡಬೇಕು. ಬೆರಳು ತಾಗಿದರೆ ಸಾಕು, ಚರ್ಮದ ಜಿಡ್ಡು ಗಾಜಿಗೆ ಹತ್ತುತ್ತದೆ. ಉರಿಯುವಾಗ ಆ ಜಾಗವೊಂದೇ ಹೆಚ್ಚು ಕಾಯುತ್ತದೆ, ಕೊನೆಗೊಂದು ದಿನ ಟಪ್ಪೆಂದು ಸಿಡಿಯುತ್ತದೆ. ಹಾಗಾಗಿ ಕುಶಲನಿಗೆ ಅವನದೇ ಒಂದು ಕ್ರಮವಿತ್ತು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಹಳೆಯ ಬಲ್ಬು ತಣಿಯುವ ತನಕ ಕಾಯಬೇಕು. ಹೊಸದನ್ನು ಕಾಗದದಲ್ಲೇ ಹಿಡಿದು ಕೂರಿಸಬೇಕು. ಕೊನೆಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಕವರ್ ಹಾಕಬೇಕು. ಇದನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ತಲೆ ತಿನ್ನುತ್ತಿದ್ದ. “ನಿಮಗಿಂತ ನಿಮ್ಮ ಬಲ್ಬಿಗೇ ಮಡಿ ಜಾಸ್ತಿ” ಎಂದು ಹೆಂಡತಿ ಜಾನಕಿ ತಮಾಷೆ ಮಾಡುವುದಿತ್ತು.

ಎಲ್‌ಇಡಿ ದೀಪಗಳು ಬಂದ ಮೇಲೆ ಅವನನ್ನು ಕರೆಯುವ ದವಾಖಾನೆಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದು ಈಗ ಐದಕ್ಕೆ ನಿಂತಿದ್ದವು. ಐದೂ ಜ್ಯೋತ್ಸ್ನಾ ಡಾಕ್ಟರರ ಬಾಯಿಮಾತಿನಿಂದ ಸಿಕ್ಕಿದವು. ಕುಶಲ ಅಂಕಲ್ ಕೈಯಿಟ್ಟರೆ ಚಿಂತೆಯಿಲ್ಲ ಎಂಬ ಆ ಮಾತೊಂದು ಬಿದ್ದುಹೋದರೆ ಅವನ ಕೆಲಸವೂ ಅಲ್ಲಿಗೆ ಮುಗಿಯಿತು. ಗಾಡಿಯಲ್ಲಿ ಸೀಟು ಸಿಕ್ಕಿದರೂ ಅವನಿಗೆ ಒರಗಿ ಕೂರಲಾಗಲಿಲ್ಲ.

ದವಾಖಾನೆಯ ಬಾಗಿಲಲ್ಲಿ ದಸರೆಯ ಚೆಂಡುಹೂವಿನ ತೋರಣ ಒಣಗಿ ಇನ್ನೂ ನೇತಾಡುತ್ತಿತ್ತು. ಪುಣ್ಯಕ್ಕೆ ದೀಪದ ಕವರ್ ಗಟ್ಟಿಯಿತ್ತು, ಚೂರುಗಳೆಲ್ಲ ಅದರೊಳಗೇ ಉಳಿದಿದ್ದವು. ರೋಗಿ ಹೆದರಿ, ಅರ್ಧ ಕೊರೆದ ಹಲ್ಲಿನೊಂದಿಗೆ ಮನೆಗೆ ಹೋಗಿದ್ದರು.

“ಕವರ್ ನಹೀ ಹೋತಾ ತೋ?” ಎಂದರು ಡಾಕ್ಟರು. “ಕವರ್ ಇಲ್ಲದಿದ್ರೆ ಚೂರು ಕಣ್ಣಿಗೆ ಬೀಳುತ್ತಿತ್ತು ಅಂಕಲ್. ನೀವೇನು ಕೈಯಲ್ಲಿ ಮುಟ್ಟಿದ್ರಾ?”

ಈ ಪ್ರಶ್ನೆಯನ್ನು ಯಾರೂ ಅವನಿಗೆ ಯಾವತ್ತೂ ಕೇಳಿರಲಿಲ್ಲ. ಅವನು ಪ್ಲಗ್ ಕಿತ್ತು, ಕವರ್ ಬಿಚ್ಚಿ, ಚೂರುಗಳನ್ನು ಬಿಳಿ ಕಾಗದದ ಮೇಲೆ ಸುರಿದುಕೊಂಡ. ಕನ್ನಡಕ ಮೇಲಕ್ಕೇರಿಸಿ ಒಂದೊಂದನ್ನೇ ಚಿಮ್ಮಟದಿಂದ ಹೊರಳಿಸಿದ. ಒಂದು ಚೂರು ಹಾಲಿನಂತೆ ಬೆಳ್ಳಗಾಗಿತ್ತು. ಅದರ ನಡುವೆ ಸಾಸಿವೆಗಾತ್ರದ ಸುಟ್ಟ ಕೆಂಪು ಚುಕ್ಕೆ.

ಕುಂಕುಮ! ತನ್ನ ಬೆರಳಲ್ಲ, ಸದ್ಯ.

“ಇದು ಪೂಜೆ ಮಾಡಿದವರ ಕೆಲಸ,” ಎಂದು ಅವನು ಪುಷ್ಪಾವತಿಯ ಕಡೆ ನೋಡಿದ.

ಪುಷ್ಪಾವತಿ ಒಂಬತ್ತು ವರ್ಷದಿಂದ ಡಾಕ್ಟರರ ಕೈಕೆಳಗಿದ್ದವಳು. ಕಳವಾ ಎಂಬಲ್ಲಿಯ ಒಂದು ಕೋಣೆಯ ಮನೆಯಿಂದ ದಿನಾ ಬಂದು, ಸಲಕರಣೆ ತೊಳೆದು, ಕುರ್ಚಿ ದೀಪಗಳನ್ನು ಒರೆಸಿಡುವವಳು. ದಸರೆಯ ಬೆಳಿಗ್ಗೆ ಕುಶಲ ಇಲ್ಲಿ ಬಲ್ಬು ಬದಲಿಸುತ್ತಿದ್ದಾಗ ಅವಳು ಹರಿವಾಣ ಹಿಡಿದುಕೊಂಡು ಪಕ್ಕದಲ್ಲೇ ಕಾಯುತ್ತಿದ್ದಳು. ಬೇಗ ಮುಗಿಸಿದರೆ ಇಲ್ಲಿಯವರಂತೆ ದಸರೆಯಂದೇ ಆಯುಧಪೂಜೆ ಮಾಡಿ ಮನೆಗೆ ಹೋಗಬಹುದಿತ್ತು ಎಂದು ಎರಡು ಸಲ ಹೇಳಿದ್ದಳು.

“ನಾನು ಬಲ್ಬಿಗೆ ಇಡ್ಲಿಲ್ಲ ಕುಶಲಣ್ಣ,” ಎಂದಳು ಅವಳು. “ದೀಪದ ಹಿಡಿಗೆ ಮಾತ್ರ ಇಟ್ಟದ್ದು. ನೋಡಿ, ಈಗಲೂ ಉಂಟು.”

ಹಿಡಿಯ ಮೇಲೆ ಹೆಬ್ಬೆರಳಗಲದ ಬೊಟ್ಟೊಂದು ಒಣಗಿ ಬಿರುಕುಬಿಟ್ಟಿತ್ತು. ಅದನ್ನು ಸರಿಯಾಗಿ ನೋಡಿದ್ದರೆ ಇಷ್ಟು ದೊಡ್ಡ ಬೊಟ್ಟು ಇಡುವವಳು ಸಾಸಿವೆಯಷ್ಟು ಚುಕ್ಕೆ ಇಟ್ಟಿರಲಾರಳು ಎಂದು ಅವನಿಗೇ ಹೊಳೆಯುತ್ತಿತ್ತು. ಅವನು ನೋಡಲಿಲ್ಲ. ಆ ಕೆಂಪು ಚುಕ್ಕೆಯೇ ಅವನಿಗೆ ಸಾಕಾಗಿತ್ತು.

“ಕವರ್ ತೆಗೆದು ಒರೆಸುವುದು ನೀವೇ ಅಲ್ವಾ?” ಎಂದ. “ಮತ್ತೆ ಯಾರು ಬಂದು ಇಡ್ತಾರೆ, ದೇವರಾ?”

ಪುಷ್ಪಾವತಿ ಡಾಕ್ಟರರ ಮುಖ ನೋಡಿದಳು. ಡಾಕ್ಟರು ನೆಲ ನೋಡುತ್ತಿದ್ದರು. “ಪುಷ್ಪಾ, ಕಣ್ಣಿನ ವಿಷಯ ಇದು,” ಎಂದರು ಮೆಲ್ಲಗೆ. “ಕಲ್ ಸೇ ಮತ್ ಆನಾ. ನಾಳೆಯಿಂದ ಬರಬೇಡ.” ಪುಷ್ಪಾವತಿ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಮೊಳೆಗೆ ತೂಗುಹಾಕಿದ್ದ ಚೀಲ ತೆಗೆದುಕೊಂಡು, ಊಟದ ಡಬ್ಬಿ ಅದರೊಳಗೆ ಇದೆಯೇ ಎಂದು ಮುಟ್ಟಿ ನೋಡಿ ಹೊರಟುಹೋದಳು. ಡಾಕ್ಟರು ಹೊರಗಿನ ಕೋಣೆಗೆ ಹೋಗಿ ಆ ರೋಗಿಗೆ ಫೋನು ಹಚ್ಚಿದರು.

ಕುಶಲ ಚೀಲದಿಂದ ಹೊಸ ಬಲ್ಬಿನ ಪುಟ್ಟ ರಟ್ಟಿನ ಡಬ್ಬಿ ತೆಗೆದ. ಕಾಗದದಲ್ಲಿ ಹಿಡಿದು ಬಲ್ಬನ್ನು ಕೂರಿಸಿದ. ಸ್ಪಿರಿಟ್ಟಿನ ಹತ್ತಿಯಿಂದ ಮೆಲ್ಲಗೆ ಒಂದು ಸುತ್ತು ಒರೆಸಿದ.

ಹತ್ತಿ ಕೆಂಪಾಯಿತು.

ಅವನು ಅದನ್ನೇ ನೋಡುತ್ತ ನಿಂತ. ಆಮೇಲೆ ಚೀಲದಲ್ಲಿ ಉಳಿದಿದ್ದ ಮೂರು ಡಬ್ಬಿಗಳನ್ನೂ ತೆರೆದ. ಮೂರು ಬಲ್ಬಿಗೂ ಹಿಂಬದಿಯಲ್ಲಿ ಗಂಧದ ಪುಟ್ಟ ಚುಕ್ಕೆಯಿತ್ತು, ಚುಕ್ಕೆಯ ನಡುವೆ ಕುಂಕುಮ. ನವಮಿಯ ದಿನ ಮನೆಯಲ್ಲಿ ಜಾನಕಿ ಅವನ ಚೀಲಕ್ಕೆ ಪೂಜೆ ಮಾಡಿದ್ದು ನೆನಪಾಯಿತು. ಮಾರನೆಯ ದಿನವೇ ದಸರೆ. ಆವತ್ತು ಇಲ್ಲಿ ಹೊಸ ಬಲ್ಬು ಕೂರಿಸಿದ ಮೇಲೆ ಅವನು ಒರೆಸಿರಲಿಲ್ಲ. ಹಬ್ಬದ ಊಟಕ್ಕೆ ಮನೆ ಮುಟ್ಟಬೇಕಿತ್ತು, ಪುಷ್ಪಾವತಿಯೂ ಕಾಯುತ್ತಿದ್ದಳು, ಕಾಲು ನೋಯುತ್ತಿತ್ತು. ಡಬ್ಬಿಯಿಂದ ತೆಗೆದ ಹೊಸ ಬಲ್ಬು, ತನ್ನದೇ ಚೀಲದ್ದು, ಅದಕ್ಕೇನು ಕೊಳೆ ಎಂದುಕೊಂಡಿದ್ದ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ದಿನ.

ಹೊರಗಡೆ ಡಾಕ್ಟರು ಇನ್ನೂ ಫೋನಿನಲ್ಲಿದ್ದರು. ಹತ್ತಿಯನ್ನು ಬೇರೆ ಯಾರೂ ನೋಡಿರಲಿಲ್ಲ. ಕುಶಲ ಅದನ್ನು ಮಡಚಿ ಪ್ಯಾಂಟಿನ ಜೇಬಿಗೆ ಹಾಕಿದ. ಹೊಸ ಹತ್ತಿ ತೆಗೆದುಕೊಂಡು ಬಲ್ಬನ್ನು ಇನ್ನೆರಡು ಸಲ ಒರೆಸಿ, ಒಣಗಲು ಬಿಟ್ಟು, ಕವರ್ ಹಾಕಿ ದೀಪ ಹೊತ್ತಿಸಿದ. ಬೆಳಕು ಖಾಲಿ ಕುರ್ಚಿಯ ಮೇಲೆ ಬಿತ್ತು.

“ಥ್ಯಾಂಕ್ಯೂ ಅಂಕಲ್,” ಎಂದರು ಒಳಗೆ ಬಂದ ಡಾಕ್ಟರು. “ಸಾರಿ, ನಿಮ್ಮ ಮೇಲೆ ಡೌಟ್ ಪಟ್ಟೆ.”

ಅವನು ತಲೆಯಾಡಿಸಿ ಹೊರಬಂದ.

ಠಾಣೆಯವರೆಗೂ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪುಷ್ಪಾವತಿಗೆ ಇನ್ನೊಂದು ದವಾಖಾನೆ ಸಿಕ್ಕೀತು, ಅವಳಿಗೆ ಇನ್ನೂ ವಯಸ್ಸಿದೆ. ತನಗೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಇನ್ನು ಜಾನಕಿಯ ಹೆಸರು ಎತ್ತುವುದಾದರೂ ಹೇಗೆ? ಈ ಮಾತುಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಟಿಟ್ವಾಳಾದ ಗಾಡಿ ಬಂದು ಎದುರಿಗೆ ನಿಂತಾಗ ಅವನಿಗೆ ಪ್ಲಾಟ್‌ಫಾರ್ಮಿನ ಬೆಂಚಿನಿಂದ ಏಳಲಾಗಲಿಲ್ಲ. ಆ ಗಾಡಿ ಹತ್ತಿದರೆ ಪುಷ್ಪಾವತಿಯ ಮನೆಯಿರುವ ಕಳವಾ ದಾಟಿಕೊಂಡೇ ಹೋಗಬೇಕು. ಊಟದ ಡಬ್ಬಿ ಮುಟ್ಟಿ ನೋಡಿದ ಆ ಕೈ ಅವನ ಕಣ್ಣಿಗೆ ಕಟ್ಟಿದಂತಿತ್ತು. ತನ್ನ ಮೇಲೆಯೇ ಹೇಸಿಗೆಯಾಯಿತು.

ಗಾಡಿಯನ್ನು ಹೋಗಲು ಬಿಟ್ಟು ಡಾಕ್ಟರರಿಗೆ ಫೋನು ಮಾಡಿದ.

“ಆ ಕುಂಕುಮ ನನ್ನ ಚೀಲದ್ದು ಮೇಡಂ. ಪುಷ್ಪಾವತಿಯದ್ದಲ್ಲ. ಬೇರೆ ಬಲ್ಬುಗಳಲ್ಲೂ ಉಂಟು. ಆವತ್ತು ನಾನು ಒರೆಸಲಿಲ್ಲ.”

“ಕಿಸ್ನೇ ಲಗಾಯಾ?” ಎಂದು ಕೇಳಿದರು ಡಾಕ್ಟರು. ಯಾರು ಇಟ್ಟದ್ದು?

“ನಾನೇ,” ಎಂದ ಕುಶಲ. ಅರ್ಧ ಸುಳ್ಳಾದರೂ ಜಾನಕಿಯ ಹೆಸರು ಎತ್ತದಿರಲು ಅದೇ ಸರಿ ಎನಿಸಿತು.

“ಪುಷ್ಪಾಗೆ ನಾನು ಈಗಲೇ ಫೋನ್ ಮಾಡ್ತೇನೆ,” ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಅಂಕಲ್, ಹೇಗೂ ಎಲ್‌ಇಡಿ ಹಾಕಿಸುವುದೇ ಇತ್ತು. ಅಬ್ ಆಪ್ ಆರಾಮ್ ಕೀಜಿಯೇ. ಇನ್ನು ವಿಶ್ರಾಂತಿ ತಗೊಳ್ಳಿ.”

ಮುಗಿಯಿತು. ಅರ್ಧ ಗಂಟೆ ಬಿಟ್ಟು ಅವನು ಪುಷ್ಪಾವತಿಗೂ ಫೋನು ಮಾಡಿ ತಪ್ಪಾಯಿತು ಎಂದ.

“ಡಾಕ್ಟರ್ ಹೇಳಿದ್ರು,” ಎಂದಳು ಅವಳು. “ಕೆಲಸದ್ದು ಬಿಡಿ ಕುಶಲಣ್ಣ. ಹಿಡಿ ನೋಡಿ, ನೋಡಿ ಅಂತ ಹೇಳಿದೆನಲ್ಲ, ನೀವು ಅದರ ಕಡೆ ತಿರುಗಲೂ ಇಲ್ಲ.” ಅಷ್ಟು ಹೇಳಿ ಇಟ್ಟುಬಿಟ್ಟಳು.

ಟಿಟ್ವಾಳಾದಲ್ಲಿ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಮೇಲೆ ಹತ್ತಿ ಬಂದವನ ಕೈಯಿಂದ ಜಾನಕಿ ಚೀಲ ತೆಗೆದುಕೊಂಡಳು. ಸಾಮಾನು ತೆಗೆದಿಡುವುದು ಅವಳ ರೂಢಿ. ಒಂದು ಡಬ್ಬಿಯ ಮುಚ್ಚಳ ಅರೆಬರೆ ತೆರೆದಿತ್ತು. ಒಳಗೆ ಇಣುಕಿದವಳ ಮುಖ ಸಪ್ಪಗಾಯಿತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ಅವನು ಮೂರನ್ನೂ ಒರೆಸಿಟ್ಟಿದ್ದ.

“ಬೊಟ್ಟು ಒರೆಸಿಬಿಟ್ರಾ?”

“ಗಾಜಿಗೆ ಏನೂ ತಾಗಬಾರದು ಮಾರಾಯ್ತಿ. ಎಷ್ಟು ಸಲ ಹೇಳಿದ್ದೇನೆ!”

“ಬೆರಳು ತಾಗಬಾರದು ಅಂತ ಹೇಳಿದ್ದು,” ಎಂದಳು ಜಾನಕಿ. “ನಾನು ತಾಗಿಸಲೂ ಇಲ್ಲ. ಕಾಗದದಲ್ಲಿ ಹಿಡಿದು, ಊದುಬತ್ತಿ ಕಡ್ಡಿಯ ತುದಿಯಲ್ಲಿ ಇಟ್ಟದ್ದು. ಆಚೆ ವರ್ಷ ಗಾಜು ತಾಗಿ ನಿಮ್ಮ ಕೈ ಕೊಯ್ದಿತ್ತಲ್ಲ. ಇನ್ನು ಹಾಗೆ ಆಗದಿರಲಿ ಅಂತ.”

ಕಾಗದದ ತುಂಡು ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಬಲ್ಬಿಗೆ ಕಡ್ಡಿಯಲ್ಲಿ ಚುಕ್ಕೆ ಇಡುತ್ತಿರುವ ಜಾನಕಿ ಅವನ ಕಣ್ಣಮುಂದೆ ಬಂದಳು. ತಾನು ಹೇಳಿಕೊಟ್ಟದ್ದನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

“ಡಬ್ಬಿಯ ಮೇಲೆ ಇಟ್ಟಿದ್ದರೆ ಸಾಕಿತ್ತಲ್ಲ,” ಎಂದ ಮೆಲ್ಲಗೆ.

“ಹೋದ ವರ್ಷ ಡಬ್ಬಿಗೇ ಇಟ್ಟದ್ದು. ನೀವೇ ನಗಾಡಿದ್ರಿ. ರಟ್ಟಿಗೆ ಪೂಜೆ ಮಾಡಿದ್ರೆ ಒಳಗಿನ ಬಲ್ಬಿಗೆ ಎಂಥ ಗೊತ್ತಾಗ್ತದೆ ಅಂತ ಹೇಳಿದ್ದು ಯಾರು?”

ಕುಶಲನಿಗೆ ನೆನಪಾಯಿತು. ಇದೇ ಮನೆಯಲ್ಲಿ ಕೂತು, ಚಹಾ ಕುಡಿಯುತ್ತ, ಸುಮ್ಮನೆ ಆಡಿದ ಮಾತು ಅದು. ಮತ್ತೆ ಯೋಚಿಸಿಯೂ ಇರಲಿಲ್ಲ. ಜಾನಕಿ ಮಾತ್ರ ಅದನ್ನು ಒಂದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಅವನು ಪ್ಯಾಂಟಿನ ಜೇಬಿನಿಂದ ಕೆಂಪಾದ ಹತ್ತಿಯನ್ನು ತೆಗೆದು ಮೇಜಿನ ಮೇಲಿಟ್ಟ. ಸೇತುವೆಯ ಮೇಲೆ ಬಂದ ಫೋನಿನಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಬೇಕಿತ್ತು.

“ಯಾರು ಹೇಳಿದ್ದು, ಹೇಳಿ,” ಎಂದಳು ಜಾನಕಿ ಇನ್ನೂ ಮುನಿಸಿಕೊಂಡೇ.

“ನಾನೇ,” ಎಂದ ಕುಶಲ. ಆ ದಿನ ಅದೇ ಮಾತನ್ನು ಅವನು ಎರಡನೆಯ ಸಲ ಹೇಳಿದ್ದು. ಈ ಸಲ ಅದರಲ್ಲಿ ಸುಳ್ಳು ಇರಲಿಲ್ಲ.