ಗಡಿಗೆಯ ತಳದ ಸೀಕು

ನಮ್ಮ ದೊಡ್ಡಮ್ಮ ಗಂಗುಲಮ್ಮನಿಗೆ ಒಂದೇ ಒಂದು ಹುಚ್ಚಿತ್ತು: ಮಂಚೇನಹಳ್ಳಿ ಸುತ್ತಮುತ್ತ ತನ್ನಂಥ ಸೊಸೆ ಇನ್ನೊಬ್ಬಳಿಲ್ಲ ಅನ್ನಿಸಿಕೊಳ್ಳುವುದು. ಅನ್ನಿಸಿಕೊಂಡಳು ಕೂಡ. ಮನೆಮಂದಿಗೆಲ್ಲ ಮುದ್ದೆ ಬಡಿಸಿ, ಅವರೆಲ್ಲ ಉಂಡೆದ್ದ ಮೇಲೆ, ಆರಿಹೋದ ಗಡಿಗೆಯ ತಳಕ್ಕೆ ಹತ್ತಿಕೊಂಡ ಸೀಕನ್ನು ಕೆರೆದು ತಿನ್ನುತ್ತಿದ್ದಳು. “ಸೀದಿದ್ದು ತಿಂದು ಸಂಸಾರ ಸಾಕಿದೋಳು” ಎಂದು ಊರೇ ಹೊಗಳುತ್ತಿತ್ತು. ಮನೆಯ ಹೆಣ್ಣುಮಕ್ಕಳಾದ ನಮಗೆ ಆ ಹೊಗಳಿಕೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅರವತ್ತೆರಡನೇ ಇಸವಿಯಲ್ಲಿ ಚಿಂತಾಮಣಿಯಿಂದ ಅವಳಿಗೆ ಸೊಸೆ ಬಂದಳು, ಶ್ಯಾಮಲ. ಮಿಡ್ಲ್ ಸ್ಕೂಲ್ ಓದಿದವಳು. ಬಂದ ವಾರಕ್ಕೇ ಗಡಿಗೆ ಕಿತ್ತುಕೊಂಡು, “ಅತ್ತೆ, ಇನ್ಮೇಲೆ ಸೀಕು ನಂಗೆ. ನಿಮ್ಗೇನಿಷ್ಟ ಹೇಳಿ, ಮಾಡ್ಕೊಡ್ತೀನಿ” ಅಂದಳು.

ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ನಿಂತಳು. “ನಂಗಾ? ನಿಮ್ಮಾವಂಗೆ ಹಿತಕಿದಬೇಳೆ ಇಷ್ಟ.”

“ಮಾವಂದಲ್ಲ ಅತ್ತೆ, ನಿಮ್ದು.”

ಪಾಪ, ತನಗೇನಿಷ್ಟ ಅಂತ ದೊಡ್ಡಮ್ಮನಿಗೇ ಗೊತ್ತಿರಲಿಲ್ಲ. ಹುಡುಕಿಯೇ ಬಿಡೋಣ ಎಂದು ಹೊರಟಳು. ಹಿತಕಿದಬೇಳೆ ಸಾರು ಉಂಡು ಕಣ್ಣು ಮುಚ್ಚಿ ಯೋಚಿಸಿದಳು. ಅದು ಗಂಡನ ರುಚಿ. ಒಬ್ಬಟ್ಟು ಮಗನದು. ಗೌರಿಬಿದನೂರಿನ ಹೋಟೆಲಿನಿಂದ ಮಸಾಲೆ ದೋಸೆಯನ್ನೂ ತರಿಸಿದಳು. ಚೆನ್ನಾಗಿತ್ತು, ಮರುದಿನ ನೆನಪಾಗಲಿಲ್ಲ. ನೆನಪಾಗುತ್ತಿದ್ದದ್ದು ಸೀಕು! ಅಡುಗೆಮನೆ ಮೂಲೆಯಲ್ಲಿ ಸೊಸೆ ಅದನ್ನು ಕರುಂಕುರುಂ ಎಂದು ಅಗಿಯುವಾಗ ಇವಳ ಬಾಯಲ್ಲಿ ನೀರೂರುತ್ತಿತ್ತು. ಬಾಯಿಬಿಟ್ಟು ಕೇಳಿದರೆ ಇಷ್ಟು ವರ್ಷ ಗಳಿಸಿದ ಹೆಸರು ನೀರುಪಾಲು.

ಸಂಕ್ರಾಂತಿ ಕಳೆದು ಶ್ಯಾಮಲಳ ತಾಯಿ ಅಮ್ಮಾಜಮ್ಮ ಬಂದರು. ಮುದ್ದೆ ಕಟ್ಟುವ ಹೊತ್ತಿಗೆ ಒಲೆಯ ಹತ್ತಿರ ಕೂತು, “ನಿಮ್ ತ್ಯಾಗ ನಮ್ಮೂರ್ಗೂ ಗೊತ್ತು. ಈಗ ನನ್ ಮಗ್ಳೂ ಅದೇ ದಾರಿ ಹಿಡಿದವ್ಳೆ” ಅಂದರು.

ದೊಡ್ಡಮ್ಮನಿಗೆ ರೇಗಿಹೋಯಿತು. “ತ್ಯಾಗಾನೂ ಇಲ್ಲ, ಮಣ್ಣೂ ಇಲ್ಲ! ನಂಗೆ ಸೀಕಂದ್ರೆ ಆಸೆ. ತಾರೇ ಇತ್ಲಾಗೆ ಗಡಿಗೆ!”

ಅಮ್ಮಾಜಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಶ್ಯಾಮಲಳಿಗೆ ಕುತೂಹಲ. “ತಿಂದೂ ತಿಂದೂ ಇಷ್ಟ ಆಯ್ತಾ ಅತ್ತೆ, ಇಲ್ಲ ಮೊದ್ಲಿಂದ್ಲೂ ಇಷ್ಟಾನಾ?”

“ಯಾರಿಗ್ಗೊತ್ತಮ್ಮ? ತಿಂದು ನೋಡಣ, ತಾ.”

ಗಂಡಸರು ಹಿತ್ತಲಲ್ಲಿ ಇನ್ನೂ ಕೈಕಾಲು ತೊಳೆಯುತ್ತಿದ್ದರು. ಆ ಮನೆಗೆ ಬಂದಮೇಲೆ ಮೊದಲ ಸಲ ದೊಡ್ಡಮ್ಮ ಎಲ್ಲರಿಗಿಂತ ಮುಂಚೆ ಊಟಕ್ಕೆ ಕೂತಳು. ಆಗಷ್ಟೇ ಮುದ್ದೆ ತೆಗೆದ ಗಡಿಗೆಯಿಂದ ಸೀಕು ಎಬ್ಬಿಸಿ, ಒಂದು ಚೂರು ಬಾಯಿಗಿಟ್ಟಳು. ಕಣ್ಣಲ್ಲಿ ನೀರು ತುಂಬಿತು.

“ಬಾಯಿ ಸುಡ್ತಾ ಅತ್ತೆ?”

“ಇಲ್ಲ ಕಣೇ,” ಅಂದಳು ದೊಡ್ಡಮ್ಮ. “ಬಿಸಿಯಾಗಿದ್ರೆ ಇದು ಹಿಂಗಿರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”