ಬಂದೂಕಿಗೆ ಕಟ್ಟಿದ ಚೀಟಿ

ಶವಪೆಟ್ಟಿಗೆ ಹೊರಲು ಕೈಗವಸು ಬೇಕೆಂದ ತಮ್ಮನ ಕೋಟಿನ ಜೇಬಿಗೆ ಕೈ ಹಾಕಿದ ವರ್ನಾಗೆ ಕೈಗವಸಿನ ಜೊತೆ ದಾರ ಕಟ್ಟಿದ ರಟ್ಟಿನ ಚೀಟಿಯೊಂದು ಸಿಕ್ಕಿತು. ಅಕ್ಷರ ಗಂಡನದು: ‘ಡಾರಿಲ್‌ನದು. ನನ್ನನ್ನು ಕೇಳದೆ ಯಾರೂ ಕೊಡಕೂಡದು.’

ಆ ಗಂಡ, ಲಾಯ್ಡ್, ಚರ್ಚಿನಲ್ಲಿ ಪೆಟ್ಟಿಗೆಯೊಳಗಿದ್ದ. ವಿಸ್ಕಾನ್ಸಿನ್‌ನ ಆ ಪುಟ್ಟ ಊರಿನ ಕಾಗದದ ಕಾರ್ಖಾನೆಯಲ್ಲಿ ಡಾರಿಲ್ ಗುಂಡಿಟ್ಟು ಕೊಂದ ನಾಲ್ವರಲ್ಲಿ ಅವನೇ ಮೊದಲನೆಯವನು.

ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರ ಪಿಸುಮಾತು.

“ಡಾರಿಲ್‌ನ ಹೆಂಡ್ತಿ ಬಿಟ್ಟೋದ್ಲು, ಕೆಲಸಾನೂ ಹೋಯ್ತು. ‘ನನ್ನ ಹೆಸ್ರು ನೀವ್ಯಾರೂ ಮರೆಯಲ್ಲ’ ಅಂತ ಕ್ಯಾಂಟೀನಲ್ಲೇ ಅಂದಿದ್ದ ಕಣೇ.”

“ನೀನೇನಂದೆ?”

“ನಕ್ಕೆ. ಇನ್ನೇನ್ ಮಾಡ್ಲಿ?”

ನಕ್ಕವರು ಊರ ತುಂಬ ಇದ್ದರು. ನಗದವನು ಲಾಯ್ಡ್ ಒಬ್ಬನೇ.

*

ಸೆಪ್ಟೆಂಬರಿನಲ್ಲಿ ಲಾಯ್ಡ್ ಗೆಳೆಯ ಡಾರಿಲ್‌ನ ಅಡುಗೆಮನೆಯಲ್ಲಿ ಕೂತು, ಎರಡು ಲೋಟ ಕಾಫಿ ಕುಡಿದು, ಮೂರು ಬಂದೂಕು ಕೇಳಿ ತಂದಿದ್ದ. ಮನಸ್ಸು ಕೆಟ್ಟವನ ಬಂದೂಕನ್ನು ಗೆಳೆಯರು ಇಟ್ಟುಕೊಳ್ಳುವುದು ಆ ಕಡೆಯ ರೂಢಿ. ಪೊಲೀಸರವರೆಗೆ ಹೋದರೆ ಮರ್ಯಾದೆ ಪ್ರಶ್ನೆ.

ಒಂದೊಂದಕ್ಕೂ ಚೀಟಿ ಕಟ್ಟಿ, ಶೆಡ್ಡಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಭಾವಮೈದುನ ಆರಿನ್‌ನ ಕೈಗಿಟ್ಟ. “ನಿನ್ ಹತ್ರಾನೇ ಇರ್ಲಿ. ನಿಮ್ಮಕ್ಕನ ಮನಸ್ಸು ಮೆತ್ತಗೆ. ಅವನು ಬಂದು ಅತ್ರೆ ಕೊಟ್ಬಿಡ್ತಾಳೆ.”

ವರ್ನಾ ಅದಕ್ಕೆ ಎರಡು ದಿನ ಮುನಿಸಿಕೊಂಡಿದ್ದಳು.

*

“ಆರಿನ್, ಇದೇನೋ?”

“ಶನಿವಾರ ಜಿಂಕೆ ಬೇಟೆ ಶುರುವಾಗೋದಿತ್ತಲ್ಲಕ್ಕ. ಊರವರೆಲ್ಲ ಕಾಡಿಗೆ ಹೋಗ್ವಾಗ ಡಾರಿಲ್ ಒಬ್ಬ ಕಿಟಕೀಲಿ ನೋಡ್ಕೊಂಡು ಕೂರೋದಾ? ಚೀಟಿ ಬಿಚ್ಚಿ ಒಂದೇ ಒಂದು ಕೊಟ್ಟೆ. ನಗ್ತಾ ಇದ್ದ ಅಕ್ಕ, ಎಷ್ಟು ಸಮಾಧಾನವಾಗಿದ್ದ!”

“ಭಾವಂಗೆ ಹೇಳಿದ್ಯಾ?”

“ಬೈತಾರೆ ಅಂತ...”

“ನಾಕು ದಿನದಿಂದ ನಿನ್ ಹೆಗಲ ಮೇಲೆ ತಲೆ ಇಟ್ಟು ಅಳ್ತಿದೀನಲ್ಲೋ. ನಂಗಾದ್ರೂ ಹೇಳಿದ್ಯಾ?”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಡಾರಿಲ್‌ನ ಮೇಲೂ ಬಾರದಷ್ಟು ಸಿಟ್ಟು ವರ್ನಾಗೆ ಒಡಹುಟ್ಟಿದವನ ಮೇಲೆ ಬಂತು.

ಪಾದ್ರಿ ಸನ್ನೆ ಮಾಡಿದರು. ಐದು ಜನ ಪೆಟ್ಟಿಗೆಯ ಹಿಡಿಕೆ ಹಿಡಿದು ಆರನೆಯವನಾದ ಆರಿನ್‌ಗೆ ಕಾದರು. ವರ್ನಾ ಚೀಟಿಯ ದಾರವನ್ನು ತಮ್ಮನ ಕೋಟಿನ ಗುಂಡಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು. ಅವನ ಕೈಗವಸು ತಾನೇ ತೊಟ್ಟು, ಆರನೆಯ ಹಿಡಿಕೆಯನ್ನು ತಾನೇ ಹಿಡಿದಳು.

ಪೆಟ್ಟಿಗೆ ಹೊರಗಿನ ಹಿಮಕ್ಕಿಳಿಯಿತು. ಹಿಂದೆ ಹೊರಟ ಜನ ಬಾಗಿಲ ಬಳಿ ಬರಿಗೈಯಲ್ಲಿ ನಿಂತ ಆರಿನ್‌ನ ಮುಂದೆ ಒಬ್ಬೊಬ್ಬರಾಗಿ ನಿಂತು, ಎದೆಯ ಮೇಲಿನ ಚೀಟಿ ಓದಿಕೊಂಡು ಮುಂದೆ ಹೋದರು. ಅವನು ಅದನ್ನು ಬಿಚ್ಚಲಿಲ್ಲ.